ಮೌಂಟ್ ಮೇರಿ ದಾರಿಯಲ್ಲಿ ಪ್ಲೇಗಿನ ಶಿಲುಬೆಗಳು

ಹುಬ್ಬಳ್ಳಿಯಿಂದ ಮುಂಬೈಗೆ ಯಾರೇ ಬಂದರೂ ಒಮ್ಮೆ ಮೌಂಟ್ ಮೇರಿ ಚರ್ಚ್ ತೋರಿಸು ಅನ್ನುತ್ತಾರೆ. ಬಾಂದ್ರಾ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹತ್ತುವುದು, ಗುಡ್ಡದ ಮೇಲೆ ಮೇಣದ ಬತ್ತಿ ಕೊಡುವುದು, ಸಮುದ್ರ ನೋಡಿ ವಾಪಸ್ ಬರುವುದು. ಇಷ್ಟರಲ್ಲಿ ಮುಗಿಯುತ್ತದೆ. ಆದರೆ ಆ ದೊಡ್ಡ ಚರ್ಚಿಗಿಂತ ನನಗೆ ಜಾಸ್ತಿ ಹತ್ತಿರದವು ದಾರಿಯ ಗಲ್ಲಿಗಳಲ್ಲಿ ನಿಂತಿರುವ ಪುಟ್ಟ ಶಿಲುಬೆಗಳು. ರಿಕ್ಷಾದಲ್ಲಿ ಹೋದವರ ಕಣ್ಣಿಗೆ ಅವು ಬೀಳುವುದೇ ಇಲ್ಲ.

ಈ ಯಾತ್ರೆ ಹಳೆಯದು. ಮೇರಿಯ ಮೂರ್ತಿಯನ್ನು 16ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಪೋರ್ಚುಗಲ್‌ನಿಂದ ತಂದರಂತೆ. ಇಲ್ಲಿನ ಮೀನುಗಾರ ಕೋಳಿ ಸಮುದಾಯದವರಿಗೆ ಆಕೆ ಮೋತ್ ಮಾವುಲಿ. ಮೊದಲು ಮಾಹಿಮ್‌ನಿಂದ ಬಾಂದ್ರಾಕ್ಕೆ ದೋಣಿಯಲ್ಲೇ ದಾಟಬೇಕಿತ್ತು. 1845ರಲ್ಲಿ ನೀರಿನ ಮೇಲೆ ಹಾದುಹೋಗುವ ರಸ್ತೆ, ಮಾಹಿಮ್ ಕಾಸ್‌ವೇ, ತೆರೆದ ಮೇಲೆ ದಾರಿ ಸಲೀಸಾಯಿತು. ಅದಕ್ಕೆ ದುಡ್ಡು ಕೊಟ್ಟವರು ಪಾರ್ಸಿ ಹೆಣ್ಣುಮಗಳು, ಲೇಡಿ ಅವಾಬಾಯಿ ಜೀಜೀಭಾಯ್. ಈಗಿನ ಚರ್ಚ್ ಕಟ್ಟಡ 1904ರದು.

ಆ ಕಟ್ಟಡ ಏಳುವ ಮುಂಚಿನ ಕೆಲವು ವರ್ಷ ಈ ಊರು ಅನುಭವಿಸಿದ್ದು ಅಷ್ಟಿಷ್ಟಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಗೋವಾ ಮೂಲದ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಮುಂದಿನ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಮನೆ ಶೋಧ, ರೋಗಿಗಳನ್ನು ಮನೆಯಿಂದ ಎತ್ತಿಕೊಂಡು ಹೋಗುವುದು, ರೈಲಿನಲ್ಲಿ ತಪಾಸಣೆ ನಡೆದವು. ಬಾಂದ್ರಾದ ರಾನ್ವಾರ್, ಚಿಂಬಯಿ, ಪಾಲಿಯಂಥ ಹಳ್ಳಿಗಳಲ್ಲಿ ಚರ್ಚಿಗೆ ಹೋಗಿ ಗುಂಪುಗೂಡುವುದಕ್ಕೂ ಜನ ಹೆದರಿದರು. ಹಾಗಾಗಿ ತಮ್ಮ ಗಲ್ಲಿಯಲ್ಲೇ ಶಿಲುಬೆ ನಿಲ್ಲಿಸಿ ಅದರ ಮುಂದೆ ಪ್ರಾರ್ಥನೆ ಮಾಡಿದರು. ಬದುಕುಳಿದ ಮೇಲೆ ಹರಕೆ ತೀರಿಸಲು ನಿಲ್ಲಿಸಿದವರೂ ಇದ್ದರು. ಎಲ್ಲ ಶಿಲುಬೆಗಳೂ ಪ್ಲೇಗಿನವಲ್ಲ, ಅದಕ್ಕಿಂತ ಹಳೆಯವೂ ಇವೆ. ಆದರೆ ಇಲ್ಲಿನವರು ಬೆರಳು ಮಾಡಿ ತೋರಿಸುವುದು ಪ್ಲೇಗಿನ ಶಿಲುಬೆಗಳನ್ನೇ.

ಇದನ್ನು ಕೇಳಿದಾಗ ನನಗೆ ನಮ್ಮ ಅಜ್ಜಿಯ ಮಾತು ನೆನಪಾಯಿತು. "ಮನ್ಯಾಗ ಇಲಿ ಬಿತ್ತಂದ್ರ ಊರು ಬಿಡೋದ, ಹೊಲದಾಗ ಗುಡಿಸಲು ಹಾಕೋದ" ಅನ್ನುತ್ತಿದ್ದಳು. ಆಗ ಹುಬ್ಬಳ್ಳಿ, ಧಾರವಾಡ ಎರಡೂ ಮುಂಬೈ ಪ್ರಾಂತ್ಯದಲ್ಲೇ ಇದ್ದವಲ್ವಾ? 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಣ್ಣು ಮಾಡಿತು. ಆ ಹೊತ್ತಿಗೆ ಇದೇ ಮುಂಬೈಯ ಭಾಯ್‌ಖಳಾದಲ್ಲಿ ಲಸಿಕೆ ತಯಾರಾಗಿತ್ತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅದನ್ನು ಮಾಡಿದ ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತನಗೇ ಹಾಕಿಸಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದೇ ಲಸಿಕೆ ತೆಗೆದುಕೊಂಡರು. ನಮ್ಮ ಹಿರಿಯರ ಜೀವ ಈ ಊರಿಗೆ ಹೀಗೊಂದು ಋಣ ಹೊತ್ತಿದೆ. ಹಾಗಾಗಿ ಈ ಶಿಲುಬೆಗಳು ಬೇರೆಯವರ ಕಥೆ ಅಂತ ನನಗೆ ಅನ್ನಿಸುವುದೇ ಇಲ್ಲ.

ನಮ್ಮ ಬಿಲ್ಡಿಂಗ್‌ನಲ್ಲಿ ಮಂಗಳೂರಿನ ಕ್ಯಾಥೊಲಿಕ್ ಆಂಟಿ ಒಬ್ಬರಿದ್ದಾರೆ. ಒಂದು ಮೇ ತಿಂಗಳ ಸಂಜೆ ನನ್ನನ್ನು ರಾನ್ವಾರ್‌ನ ಗಲ್ಲಿಗೆ ಕರೆದುಕೊಂಡು ಹೋದರು. ಎದೆಮಟ್ಟದ ಕಟ್ಟೆ, ಅದರ ಮೇಲೆ ಸುಣ್ಣ ಬಳಿದ ಕಲ್ಲಿನ ಶಿಲುಬೆ. ಕಟ್ಟೆಯಲ್ಲಿ ದೀಪ ಇಡುವ ಗೂಡು. ಸುಣ್ಣ ಪದರ ಪದರವಾಗಿ ಕೂತು ಅಕ್ಷರಗಳು ಅರ್ಧ ಮುಚ್ಚಿಹೋಗಿದ್ದವು, ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿದ್ದವು. ಶಿಲುಬೆಗೆ ಚೆಂಡು ಹೂವಿನ ಮಾಲೆ ಹಾಕಿದ್ದರು. ಅಕ್ಕಪಕ್ಕದವರು ಪ್ಲಾಸ್ಟಿಕ್ ಕುರ್ಚಿ ತಂದು ಕೂತು ಜಪಮಾಲೆ ಹಿಡಿದು ಪ್ರಾರ್ಥಿಸಿದರು. ಆಮೇಲೆ ಮರಾಠಿಯಲ್ಲಿ ಹಾಡಿದರು. ಇವರು ಈಸ್ಟ್ ಇಂಡಿಯನ್ನರು, ಇಲ್ಲಿನ ಮೂಲ ಕ್ರೈಸ್ತರು. ಮನೆಮಾತು ಮರಾಠಿ. ಕೊನೆಗೆ ಎಲ್ಲರಿಗೂ ಬೇಯಿಸಿದ ಕಡಲೆ ಹಂಚಿದರು. ನಾನು ಹಿಂದೆ ಸರಿದು ನಿಂತಿದ್ದೆ. ಆಂಟಿ ಬಿಡಲಿಲ್ಲ. "ಕಡಲೆ ತಿನ್ನದೆ ಹೋಗ್ಬಾರ್ದು ಮಾರಾಯ್ರೆ" ಅಂದರು. ಪಾದ್ರಿಯೂ ಇರಲಿಲ್ಲ, ಟ್ರಸ್ಟೂ ಇರಲಿಲ್ಲ. ಎಣ್ಣೆ, ಹೂವು, ಸುಣ್ಣ ಎಲ್ಲ ಗಲ್ಲಿಯವರದೇ. ನಮ್ಮ ಕಡೆ ಅಗಸಿ ಹತ್ತಿರದ ಅಮ್ಮನ ಗುಡಿಯನ್ನು ಓಣಿಯವರು ನೋಡಿಕೊಳ್ಳುವ ಹಾಗೆ.

ಗಾಜಿನ ಗೂಡಿನಲ್ಲಿ ಸಂತರ ಮೂರ್ತಿ ಇದ್ದರೆ ಹತ್ತಿರ ಹೋಗಿ ನೋಡಿ. ಮೈಗೆ ಬಾಣ ನಾಟಿದ್ದರೆ ಸಂತ ಸೆಬಾಸ್ಟಿಯನ್. ಪಕ್ಕದಲ್ಲಿ ನಾಯಿ ಇದ್ದು, ತೊಡೆಯ ಹುಣ್ಣು ತೋರಿಸುತ್ತಿದ್ದರೆ ಸಂತ ರೋಕ್. ಪ್ಲೇಗು ಬಂದಾಗ ಕ್ರೈಸ್ತರು ಮೊರೆಹೋಗುವುದು ಇವರಿಬ್ಬರನ್ನು.

ಗಲ್ಲಿಯವರ ಆಸರೆ ಇದ್ದರೂ ಇವುಗಳಿಗೆ ಅಪಾಯ ತಪ್ಪಿಲ್ಲ. 2017ರ ಏಪ್ರಿಲ್‌ನಲ್ಲಿ ಬಾಂದ್ರಾದ ಬಜಾರ್ ರಸ್ತೆಯಲ್ಲಿದ್ದ ನೂರು ವರ್ಷಕ್ಕೂ ಹಳೆಯ ಶಿಲುಬೆಯೊಂದನ್ನು ಅನಧಿಕೃತ ಎಂದು ನಗರಪಾಲಿಕೆ ಕೆಡವಿತು. ಜನ ಬೀದಿಗಿಳಿದು ಪ್ರತಿಭಟಿಸಿದರು. ರಸ್ತೆ ಅಗಲ ಮಾಡಬೇಕು, ನಿಜ. ಆದರೆ ರೋಗದಲ್ಲಿ ಸತ್ತ ಬಡವರಿಗೆ ಈ ಊರಿನಲ್ಲಿ ಬೇರೆ ಗುರುತು ಎಲ್ಲಿದೆ? ಕೆಡಹುವ ಮುಂಚೆ ಅದರ ಮೇಲಿನ ಇಸವಿಯನ್ನಾದರೂ ಓದಬೇಕಿತ್ತು.

ಸೆಪ್ಟೆಂಬರ್ 8ರ ನಂತರ ಬರುವ ಭಾನುವಾರದಿಂದ ಒಂದು ವಾರ ಬಾಂದ್ರಾ ಜಾತ್ರೆ. ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಕೈ, ಕಾಲು, ಮನೆ, ಮಗು, ಹೀಗೆ ಮೇಣದಲ್ಲಿ ಮಾಡಿದ ಹರಕೆಗಳನ್ನು ಕೊಂಡು ಒಪ್ಪಿಸುತ್ತಾರೆ. ನೀವು ಬಂದರೆ ದಯವಿಟ್ಟು ರಿಕ್ಷಾ ಬೇಡ. ಹಿಲ್ ರೋಡ್ ಹಿಡಿದು ನಡೆಯಿರಿ, ರಾನ್ವಾರ್ ಗಲ್ಲಿಗಳನ್ನು ಹೊಕ್ಕು ಆಮೇಲೆ ಗುಡ್ಡ ಹತ್ತಿ. ಮಕ್ಕಳಿದ್ದರೆ ಶಿಲುಬೆಗಳ ಮೇಲಿನ ಇಸವಿ ಓದಿಸಿ. ಬೆಳಿಗ್ಗೆ ಬೇಗ ಹೋದರೆ ನೂಕುನುಗ್ಗಲು ಕಡಿಮೆ ಇರುತ್ತದೆ.