2024ರಲ್ಲಿ ಕಿವಿಗೆ ಬಿದ್ದ ರಾಕ್

2024ರಲ್ಲಿ ತಲೆಯೊಳಗೆ ಕೂತುಬಿಟ್ಟ ಆಲ್ಬಂ ಅಂದರೆ ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ದು, ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’. 16 ವರ್ಷ ಕಾಯಿಸಿ ನವೆಂಬರ್ 1ಕ್ಕೆ ಬಿಟ್ಟರು. ಇಲ್ಲಿ ಮೈಸೂರಲ್ಲಿ ಅವತ್ತು ರಾಜ್ಯೋತ್ಸವ, ಜೊತೆಗೆ ದೀಪಾವಳಿ. ಆಟೋಗಳ ಮೇಲೆಲ್ಲ ಹಳದಿ ಕೆಂಪು ಬಾವುಟ, ಬೀದಿಯಲ್ಲಿ ಪಟಾಕಿ, ನನ್ನ ಕಿವಿಯಲ್ಲಿ ಮಾತ್ರ ಮಂಕು ಕವಿದ ಗಿಟಾರು.

ಮೊದಲ ಹಾಡಲ್ಲಿ ತಂಡದ ಗಾಯಕ ರಾಬರ್ಟ್ ಸ್ಮಿತ್ ಬಾಯಿ ಬಿಡುವುದೇ ಮೂರು ನಿಮಿಷ ದಾಟಿದ ಮೇಲೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಕೇಳಿದರೆ ಆ ಮೂರು ನಿಮಿಷ ಉದ್ದ ಅನಿಸಲ್ಲ. ಮನೆಯಲ್ಲಿ ಸ್ಪೀಕರ್‌ಗೆ ಹಾಕಿದೆ. ಅಮ್ಮ ಒಗ್ಗರಣೆ ಸೌಟು ಹಿಡಿದೇ ಬಂದು, "ಯಾರೂ ಹಾಡ್ತಾನೇ ಇಲ್ವಲ್ಲೋ, ಕೆಟ್ಟೋಗಿದ್ಯಾ?" ಅಂದರು.

ಅಮೆರಿಕದ ರಾಕ್ ತಂಡ ಪರ್ಲ್ ಜ್ಯಾಮ್‌ನ ಆಲ್ಬಂ ‘ಡಾರ್ಕ್ ಮ್ಯಾಟರ್’ ಕೂಡ ಚೆನ್ನಾಗಿದೆ, ಆದರೆ ಅದು ಬಸ್ಸಲ್ಲಿ ಕೇಳೋಕೆ.

ಪಿಂಕ್ ಫ್ಲಾಯ್ಡ್ ತಂಡದ ಗಿಟಾರಿಸ್ಟ್ ಆಗಿದ್ದ ಡೇವಿಡ್ ಗಿಲ್ಮೋರ್ ತಮ್ಮ ಆಲ್ಬಂ ‘ಲಕ್ ಅಂಡ್ ಸ್ಟ್ರೇಂಜ್’ನಲ್ಲಿ ಒಂದು ಹಾಡನ್ನು ಮಗಳು ರೊಮಾನಿಗೆ ಬಿಟ್ಟುಕೊಟ್ಟಿದ್ದಾರೆ. ಅಪ್ಪನ ಗಿಟಾರು, ಮಗಳ ದನಿ. ಸುಮ್ನೆ ಹಾಕಿದ್ದೆ. ಅಡುಗೆಮನೆಯಿಂದ ಮಾತು ಬಂತು: "ಈ ಹುಡುಗಿ ಪರವಾಗಿಲ್ಲ ಕಣೋ. ಸ್ವಲ್ಪ ಜೋರಾಗಿಡು."