ಅಮ್ಮನ ಜೊತೆ ಲೌಟರ್‌ಬ್ರುನೆನ್‌ನಲ್ಲಿ ಒಂದು ದಿನ

ಸಾಗರದಿಂದ ಬಂದಿದ್ದ ಅಮ್ಮನನ್ನು ಜುಲೈನ ಒಂದು ಶನಿವಾರ ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಗೆ ಕರೆದುಕೊಂಡು ಹೋಗಿದ್ದೆ. ಸ್ಟೆಖೆಲ್‌ಬರ್ಗ್‌ವರೆಗೆ ಆರೇಳು ಕಿಲೋಮೀಟರ್, ಹೆಚ್ಚು ಏರಿಲ್ಲದ ದಾರಿ. ಅಮ್ಮನ ಕಾಲಿಗೆ ನನ್ನ ಹಳೇ ಶೂ.

ಊರು ದಾಟುವ ಮೊದಲೇ ಸ್ಟೌಬ್‌ಬಾಖ್ ಜಲಪಾತ. "ಇದು 297 ಮೀಟರ್ ಅಮ್ಮ, ನಮ್ಮ ಜೋಗ 253" ಎಂದೆ. ಹೇಳಬಾರದಿತ್ತು.

"ನೀರೆಲ್ಲಿದ್ಯೇ? ಅರ್ಧದಲ್ಲೇ ಗಾಳಿ ಹೊತ್ಕೊಂಡು ಹೋಗ್ತಿದೆ. ಮಳೆಗಾಲದಲ್ಲಿ ರಾಜಾ ಫಾಲ್ಸ್ ನೋಡು, ಆಮೇಲೆ ಮಾತಾಡು."

ಸ್ಟೌಬ್‌ಬಾಖ್ ಅಂದರೆ ಧೂಳಿನ ಹೊಳೆ ಅಂತಲೇ ಅರ್ಥ. ಸುಮ್ನಾದೆ.

ಪಕ್ಕದಲ್ಲಿ ಹರಿಯುವ ನದಿಯನ್ನು ಅಮ್ಮ ಬಗ್ಗಿ ನೋಡಿ "ಥೇಟ್ ಅಕ್ಕಚ್ಚು" ಅಂದಳು. ನಿಜ, ಅದೇ ಬಣ್ಣ. ಮೇಲಿನ ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣ್ಣನೆ ಪುಡಿ ಅದರಲ್ಲಿ ತೇಲಿ ಬರುತ್ತದೆ. ಕೈ ಅದ್ದಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ.

ಟ್ರ್ಯುಮೆಲ್‌ಬಾಖ್‌ನಲ್ಲಿ ಮಾತ್ರ ಅಮ್ಮ ಜೋಗದ ಹೆಸರೆತ್ತಲಿಲ್ಲ. ಬೆಟ್ಟದ ಹೊಟ್ಟೆಯೊಳಗೆ 10 ಜಲಪಾತ! ಐಗರ್, ಮ್ಯೋಂಖ್, ಯುಂಗ್‌ಫ್ರೌ ಶಿಖರಗಳ ಕರಗಿದ ಹಿಮ, ಸೆಕೆಂಡಿಗೆ 20,000 ಲೀಟರ್‌ವರೆಗೆ, ಆ ಕೊರಕಲಲ್ಲಿ ಗಿರಗಿರ ಸುತ್ತಿ ಇಳಿಯುತ್ತದೆ. ನೆಲ ನಡುಗುತ್ತಿತ್ತು. ಅಮ್ಮ ನನ್ನ ತೋಳನ್ನು ಬಿಡಲೇ ಇಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಚಪಾತಿ, ಚಟ್ನಿಪುಡಿ. ಮುಂದೆ ಒಂದು ಕೊಟ್ಟಿಗೆಯ ಪಕ್ಕ ಚೀಸ್ ಇಟ್ಟ ಪೆಟ್ಟಿಗೆ, ದುಡ್ಡಿಗೊಂದು ಡಬ್ಬಿ. ಕಾಯಲು ಯಾರೂ ಇಲ್ಲ. ಅಮ್ಮ ಚಿಲ್ಲರೆಯನ್ನು ಎರಡು ಸಲ ಎಣಿಸಿ ಹಾಕಿದಳು.

ಬಸ್ಸಿನಲ್ಲಿ ಚೂರು ತಿಂದು ಮುಖ ಹಿಂಡಿದಳು. "ಉಪ್ಪು ಜಾಸ್ತಿ."