ಇನ್ನೂ ಮಾಸ್ಕಾ?

ಇವತ್ತು ಲಿಫ್ಟಲ್ಲಿ ಮೇಲಿನ ಮನೆ ಅಂಕಲ್ ಸಿಕ್ಕರು. ಮುಖಕ್ಕೆ ಎನ್-95. ಕಿವಿ ನೋಯಬಾರದು ಅಂತ ಎರಡೂ ದಾರ ಹಿಂದಕ್ಕೆಳೆದು ಸೇಫ್ಟಿ ಪಿನ್ ಹಾಕಿದ್ದರು.

ಪಕ್ಕದಲ್ಲಿ ಮೂಗು ಸೊರ್ ಸೊರ್ ಅನ್ನಿಸುತ್ತಿದ್ದ ಒಬ್ಬರು, "ಏನ್ ಸಾರ್, ಕೊರೊನಾ ಹೋಗಿ ಎಷ್ಟು ಕಾಲ ಆಯ್ತು!" ಅಂತ ನಕ್ಕರು. ಅಂಕಲ್ ಸುಮ್ಮನಿದ್ದರು.

ಅವರಿಗೆ ಕಿಡ್ನಿ ಕಸಿ ಆಗಿದೆ. ದೇಹ ಅದನ್ನು ತಿರಸ್ಕರಿಸದಿರಲಿ ಅಂತ ದಿನಾ ಮಾತ್ರೆ. ಅದೇ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಲಸಿಕೆಯೂ ಇಂಥವರಲ್ಲಿ ನಮ್ಮಷ್ಟು ಕೆಲಸ ಮಾಡುವುದಿಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂದಿತ್ತು. ವೈರಸ್ಸೇ ಹೋಯಿತು ಅನ್ನಲಿಲ್ಲವಲ್ಲ.

ಮಾಸ್ಕ್ ನಿಯಮ ಇದ್ದಾಗ ಅವರೂ ಎಲ್ಲರಲ್ಲಿ ಒಬ್ಬರಾಗಿದ್ದರು. ಈಗ ಎದ್ದು ಕಾಣುತ್ತಾರೆ, ಸಮಜಾಯಿಷಿ ಕೊಡುವ ಕೆಲಸವೂ ಅವರದೇ. ಕೆಮ್ಮುವವರನ್ನು ಯಾರೂ ಏನೂ ಕೇಳುವುದಿಲ್ಲ ನೋಡಿ.